ಹಕ್ಕಿ ಹಿಡಿಯಲು ಬಂದ ನಾದಿನಿ

ನನ್ನ ಗಂಡನ ತಂಗಿಯನ್ನು ಮನೆಯವರೆಲ್ಲ ಕರೆಯುವುದು ಪೈಲ್ವಾನ್ ಎಂದು. ಹೆಸರಿಟ್ಟವರು ನನ್ನ ಮಾವ. ಅವಳಿಗೆ ಅದರಿಂದ ಬೇಸರವೇನೂ ಇಲ್ಲ. ಫೋನ್ ಮಾಡಿದರೆ ಅವಳೇ 'ಪೈಲ್ವಾನ್ ಮಾತಾಡ್ತಿರೋದು' ಎನ್ನುತ್ತಾಳೆ. ಬಾಗಿಲಲ್ಲಿ ನಿಂತರೆ ಹಿಂದಿನ ಬೆಳಕು ಒಳಗೆ ಬರುವುದಿಲ್ಲ. ನಕ್ಕರೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಚಮಚಗಳು ಸಣ್ಣಗೆ ಕಿಣಿಗುಟ್ಟುತ್ತವೆ. ಇದು ಸುಳ್ಳು ಎಂದು ನನ್ನ ಗಂಡ ವಾದಿಸುತ್ತಾರೆ. ಆದರೆ ಅವರಿಗೆ ಮಗು ಅಳುವುದೂ ಕೇಳಿಸುವುದಿಲ್ಲ.

ಅವಳು ಪಶುವೈದ್ಯ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡಡ್ಡವಾಗಿ ಕೂತಿದ್ದ ಕರುವನ್ನು ಭುಜದವರೆಗೆ ಕೈ ಹಾಕಿ ತಿರುಗಿಸಿ ಎಳೆದವಳು ಎಂದು ತರಗತಿಯಲ್ಲೆಲ್ಲ ಹೆಸರು. ಅಂಥವಳು ಒಂದು ದಿನ ಫೋನ್ ಮಾಡಿ, "ಅತ್ತಿಗೆ, ನಿಮ್ಮನೇಲಿ ಸ್ವಲ್ಪ ದಿನ ಇರ್ಲಾ? ಎಕ್ಸ್‌ಟರ್ನ್‌ಶಿಪ್ ಇದೆ. ಕಾಲೇಜಿನ ಹೊರಗೆ, ಒಂದು ಸ್ಪೆಷಲ್ ಆಸ್ಪತ್ರೇಲಿ ಕೈಯಾರೆ ಕೆಲಸ ಕಲಿಯೋದು," ಎಂದಳು.

"ದನದ ಆಸ್ಪತ್ರೇನಾ?"

"ಅಲ್ಲ. ಹಕ್ಕಿದು. ಮೊಲ, ಆಮೆನೂ ಬರುತ್ವೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ಹಲ್ಲು ಮೂಡುತ್ತಿರುವ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಾಲ ಅದು. ಬರಬೇಡ ಎನ್ನಲು ಬಾಯಿ ಬರಲಿಲ್ಲ. ಫೋನಿಟ್ಟ ಮೇಲೆ, ಹಕ್ಕಿಗಳಿಂದ ಮನುಷ್ಯರಿಗೆ ಏನೇನು ರೋಗ ಬರಬಹುದು ಎಂದು ಹುಡುಕಿದೆ. ಹುಡುಕಬಾರದಿತ್ತು.

ಅವಳಿಗೆ ಹಕ್ಕಿಯ ಹುಚ್ಚು ಹಿಡಿದದ್ದು ಕಾಲೇಜಿನ ಆಸ್ಪತ್ರೆಯಲ್ಲಿ. ಯಾವುದೋ ಪುಟ್ಟ ಹುಡುಗಿ ಚಪ್ಪಲಿ ಡಬ್ಬಿಯಲ್ಲಿ ಗುಬ್ಬಚ್ಚಿ ಗಾತ್ರದ ಸಾಕುಹಕ್ಕಿಯೊಂದನ್ನು ತಂದಿದ್ದಳಂತೆ. ಅಲ್ಲಿದ್ದವರೆಲ್ಲ ಡಬ್ಬಿಯೊಳಗೆ ಇಣುಕಿ, ಕೋಳಿಯಾಗಿದ್ದರೆ ನೋಡಬಹುದಿತ್ತು ಎಂದರಂತೆ. ಇವಳು ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಡಬ್ಬಿ ಹಿಡಿದು ನಿಂತೇ ಇದ್ದಳು. ಪುಟ ಸಿಗುವಷ್ಟರಲ್ಲಿ ಹಕ್ಕಿ ಉಳಿದಿರಲಿಲ್ಲ.

ಮಾವನ ಲೆಕ್ಕಾಚಾರ ಬೇರೆ. ಅವರು ಹಾಲಿನ ಡೈರಿಯಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಪ್ರಪಂಚವನ್ನು ಇವತ್ತಿಗೂ ಲೀಟರುಗಳಲ್ಲೇ ನೋಡುತ್ತಾರೆ. ಸ್ನೇಹಿತರೊಬ್ಬರ ದೊಡ್ಡ ಡೈರಿ ಫಾರಂನಲ್ಲಿ ಮಗಳಿಗೆ ಕೆಲಸವನ್ನೂ ಮಾತಾಡಿ ಇಟ್ಟಿದ್ದರು.

"ಗಿಳಿ ಎಷ್ಟು ಹಾಲು ಕೊಡುತ್ತೆ ಕೇಳು ಅವಳನ್ನ," ಎಂದು ನನ್ನ ಫೋನಿಗೇ ಹೇಳಿದರು. ಆಗಷ್ಟೇ ನಮ್ಮನೆಗೆ ಬಂದಿಳಿದಿದ್ದ ಪೈಲ್ವಾನ್ ಪಕ್ಕದಲ್ಲೇ ಕೂತಿದ್ದಳು.

"ಅಪ್ಪ, ನನಗೆ ಕೇಳಿಸ್ತಾ ಇದೆ."

"ಕೇಳಿಸ್ಲಿ ಅಂತಾನೇ ಹೇಳಿದ್ದು. ನೋಡು, ನಾನು ಅಡ್ಡ ಬರಲ್ಲ. ಆ ಡಾಕ್ಟರಮ್ಮ ತಾವಾಗೇ ಇಲ್ಲೇ ಇರು ಅಂದ್ರೆ ಇರು. ಅನ್ನಲಿಲ್ವಾ, ಟ್ರೈನಿಂಗ್ ಮುಗಿದ ದಿನವೇ ರೈಲು ಹತ್ತು. ಪರೀಕ್ಷೆ ಮುಗಿಸಿ ಸೀದಾ ಡೈರಿ."

"ಆಯ್ತು," ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಸ್ಪತ್ರೆ ನಮ್ಮ ಮನೆಯಿಂದ ಎರಡು ಬಸ್ ದೂರ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಹಕ್ಕಿಗಳು. ಅಲ್ಲಿನ ಡಾಕ್ಟರಮ್ಮ ಸಣಕಲು ಹೆಂಗಸು. ಪಕ್ಕದಲ್ಲಿ ನಿಂತರೂ ಅವರ ಮಾತು ಕೇಳಲು ಬಗ್ಗಬೇಕು. ಕಲಿಯಲು ಬಂದ ವಿದ್ಯಾರ್ಥಿಗಳಿಗೆ ಅವರದು ಒಂದೇ ಕಟ್ಟುನಿಟ್ಟು. ಮೇಷ್ಟ್ರ ಹತ್ತಿರ ಪಾಸಾಗುವ ತನಕ ಯಾವ ರೋಗಿಯನ್ನೂ ಮುಟ್ಟುವಂತಿಲ್ಲ. ಪಂಜರ ತೊಳೆಯಬಹುದು, ಕಾಳು ಅಳೆಯಬಹುದು, ಹಿಕ್ಕೆ ನೋಡಿ ವರದಿ ಕೊಡಬಹುದು.

ಮೇಷ್ಟ್ರು ಎಂದರೆ ಒಂದು ಮುದಿ ಗಿಳಿ. ಯಾರೋ ಬಿಟ್ಟುಹೋದದ್ದು, ಒಂದು ಕಣ್ಣಿಲ್ಲ. ಅದನ್ನು ಟವಲಿನಲ್ಲಿ ಸುತ್ತಿ, ಹಿಡಿದು, ಕೊಕ್ಕು ಬಿಡಿಸಿ ತೋರಿಸಿ, ಮತ್ತೆ ಗೂಡಿಗೆ ಬಿಡಬೇಕು. ಗಿಳಿ ಕಿರುಚಬಾರದು, ತಪ್ಪಿಸಿಕೊಳ್ಳಬಾರದು. ವರ್ಷಗಟ್ಟಲೆ ವಿದ್ಯಾರ್ಥಿಗಳ ಕೈಯಲ್ಲಿ ಪಳಗಿದ ಮೇಷ್ಟ್ರು ಟವಲು ಕಂಡ ಕೂಡಲೇ, ಎಲ್ಲರೂ ತಮಗೆ ಹೇಳುವುದನ್ನು ತಾವೇ ಹೇಳಿಬಿಡುತ್ತಿದ್ದರು: "ಅಯ್ಯೋ ಸಾರಿ, ಸಾರಿ, ಸಾರಿ."

"ಹಕ್ಕಿಗೆ ನಮ್ಮ ಹಾಗೆ ಉಸಿರಾಡಕ್ಕಾಗಲ್ಲ ಅತ್ತಿಗೆ," ಎಂದು ಪೈಲ್ವಾನ್ ಮೊದಲ ದಿನ ಊಟಕ್ಕೆ ಕೂತಾಗ ವಿವರಿಸಿದಳು. "ಎದೆಗೂಡು ಮುಂದೆ ಬಂದು ಹಿಂದೆ ಹೋದ್ರೇನೇ ಗಾಳಿ. ಎದೆ ಅಮುಕಿದ್ರೆ ಮುಗೀತು. ಅದಕ್ಕೇ ತಲೆ ಹಿಡೀಬೇಕು, ಎದೆ ಬಿಡ್ಬೇಕು."

"ಕೈ ತೊಳ್ಕೊಂಡ್ಯಾ?" ಎಂದೆ ನಾನು.

ನಾವೆಲ್ಲ ಅಂದುಕೊಂಡದ್ದು, ಇವಳ ಕೈಗೆ ಸಿಕ್ಕ ಗಿಳಿಯ ಗತಿ ಏನಪ್ಪಾ ಎಂದು. ಆದದ್ದು ತದ್ವಿರುದ್ಧ. ಎಮ್ಮೆಯನ್ನು ಕಂಬಕ್ಕೆ ಒತ್ತಿ ಹಿಡಿಯುವವಳು ಗಿಳಿಯನ್ನು ಹೊಗೆಯನ್ನು ಹಿಡಿದ ಹಾಗೆ ಹಿಡಿಯುತ್ತಿದ್ದಳು. ಮೇಷ್ಟ್ರು ಮೊದಲ ಸಲ ಅವಳ ಹೆಬ್ಬೆರಳು ಕಚ್ಚಿದರು. ಮರುದಿನ ಟವಲಿನ ಇನ್ನೊಂದು ತುದಿಯಿಂದ ಹೊರಬಂದು ಅವಳ ತೋಳಿನ ಮೇಲೆ ನಡೆದುಕೊಂಡು ಹೋಗಿ ಭುಜದ ಮೇಲೆ ಕೂತರು. ಮತ್ತೊಂದು ದಿನ ಔಷಧಿ ಬೀರುವಿನ ಮೇಲೆ ಹತ್ತಿ ಕೂತವರು ಯಾರು ಕರೆದರೂ ಇಳಿಯಲಿಲ್ಲ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ರೋಗಿಗಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಬೇಕಾಯಿತು. ಕಡೆಗೆ ಡಾಕ್ಟರಮ್ಮನೇ ಕುರ್ಚಿ ಹತ್ತಿ ಇಳಿಸಿದರು.

"ಏನಂದ್ರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ನಿನ್ನನ್ನ ಯಾರು ಇಷ್ಟು ಹೆದರಿಸಿಟ್ಟಿರೋದು ಅಂತ ಕೇಳಿದ್ರು."

"ಯಾರು?"

"ಅದೇ ಯೋಚಿಸ್ತಿದೀನಿ," ಎಂದಳು. "ಚಿಕ್ಕವಳಿದ್ದಾಗಿಂದ ಏನು ಮುಟ್ಟಿದ್ರೂ ಅದೇ ಮಾತು ಅತ್ತಿಗೆ. ಮೆಲ್ಲಗೆ. ಗ್ಲಾಸು ತಗೊಂಡ್ರೆ ಮೆಲ್ಲಗೆ, ಬಾಗಿಲು ಹಾಕಿದ್ರೆ ಮೆಲ್ಲಗೆ. ಕರು ಎಳೆಯೋವಾಗ ಮಾತ್ರ ಯಾರೂ ಹಾಗನ್ನಲಿಲ್ಲ."

ನಾನು ತಟ್ಟೆ ಎತ್ತಿದೆ. ಅವಳು ಬಂದ ದಿನ ಮಗುವನ್ನು ಕೈಗೆ ಕೊಡುತ್ತ ನಾನು ಆಡಿದ್ದೂ ಅದೇ ಮಾತು. ಸಂಜೆಯೊಳಗೆ ಇನ್ನೂ ಎಷ್ಟು ಸಲ ಆಡಿದ್ದೆನೋ, ನೆನಪಿಲ್ಲ.

ಅವಳು ನನ್ನನ್ನೂ ಬಿಡಲಿಲ್ಲ ಅನ್ನಿ. ಪಂಜರ ತೊಳೆಯುತ್ತ ಬೇಜಾರಿಗೆ ನನ್ನ ದನಿಯನ್ನು ಅಣಕಿಸುತ್ತಿದ್ದಳಂತೆ. ಸ್ವಲ್ಪ ದಿನದಲ್ಲೇ ಮೇಷ್ಟ್ರು ಆಸ್ಪತ್ರೆಗೆ ಬಂದವರನ್ನೆಲ್ಲ "ಕೈ ತೊಳ್ಕೊಂಡ್ಯಾ? ಕೈ ತೊಳ್ಕೊಂಡ್ಯಾ?" ಎಂದು ಕೇಳತೊಡಗಿದರು. ಡಾಕ್ಟರಮ್ಮನಿಗೆ ಅದು ಬಹಳ ಹಿಡಿಸಿತಂತೆ. ನನ್ನ ಓದು, ಡಿಗ್ರಿಗಳೆಲ್ಲದರ ಪೈಕಿ ಲೋಕಕ್ಕೆ ಉಪಯೋಗವಾದದ್ದು ಇದೊಂದೇ ಎಂದು ನನ್ನ ಗಂಡ ಆಡಿಕೊಂಡರು.

ಹೀಗೆ ತರಬೇತಿ ಮುಗಿಯಲು ಕೆಲವೇ ದಿನ ಉಳಿದವು. ಅವಳು ಇನ್ನೂ ಮೇಷ್ಟ್ರ ಹತ್ತಿರವೇ ಇದ್ದಳು. ಅವಳ ಜೊತೆ ತರಬೇತಿಗೆ ಬಂದಿದ್ದ ಕಡ್ಡಿ ಪೈಲ್ವಾನನಂಥ ಹುಡುಗ ಆಗಲೇ ಮೊಲಗಳ ಉದ್ದ ಬೆಳೆದ ಹಲ್ಲು ಉಜ್ಜಿ ಸವೆಸುತ್ತಿದ್ದ.

ಆ ವಾರ ಮಗಳಿಗೆ ಕಣ್ಣು ಕೆಂಪಾಯಿತು. ಹಕ್ಕಿಯಿಂದಲೇ ಬಂತು ಎಂದು ನಾನು ತೀರ್ಮಾನಿಸಿಬಿಟ್ಟೆ. ಮಕ್ಕಳ ಡಾಕ್ಟರು ಧೂಳಿನಿಂದ ಎಂದರು. ನಂಬಿದ ಹಾಗೆ ಮಾಡಿ ಮನೆಗೆ ಬಂದೆ. ಕಣ್ಣಿಗೆ ಹನಿ ಹಾಕಬೇಕಿತ್ತು. ನಾನು ಕಾಲು ಹಿಡಿದರೆ ಅವಳು ತಲೆ ಕೊಡವುತ್ತಾಳೆ, ಇವರು ತಲೆ ಹಿಡಿದರೆ ಕಾಲಲ್ಲಿ ಒದೆಯುತ್ತಾಳೆ. ಒಂದು ಹನಿ ಕಿವಿಗೆ ಹೋಯಿತು, ಒಂದು ದಿಂಬಿಗೆ, ಒಂದು ಸೀದಾ ಇವರ ಕಣ್ಣಿಗೆ. ಮಗು ಅತ್ತೂ ಅತ್ತೂ ನೀಲಿಯಾಗುತ್ತಿದೆ ಎಂದು ನನಗೆ ಅನಿಸತೊಡಗಿತು.

ಪೈಲ್ವಾನ್ ಒಣಗಿಸಿ ಮಡಿಸಿಟ್ಟಿದ್ದ ಟವಲು ತಂದಳು. ಕೈ ತೊಳೆದುಕೊಂಡಿದ್ದೀನಿ ಎಂದು ನಾನು ಕೇಳುವ ಮೊದಲೇ ಹೇಳಿದಳು. ಮಗುವನ್ನು ಎರಡೇ ಮಡಿಕೆಯಲ್ಲಿ ಸುತ್ತಿ, ತೋಳುಗಳು ಒಳಗೆ ಸೇರುವ ಹಾಗೆ ಮಾಡಿ, ಮಡಿಲಲ್ಲಿ ಮಲಗಿಸಿಕೊಂಡು ದವಡೆಯ ಎರಡೂ ಬದಿಗೆ ಬೆರಳಿಟ್ಟಳು. ಮಗು ಕಿಟಾರನೆ ಕಿರುಚಿತು.

"ಬಿಡು, ಮೆಲ್ಲಗೆ, ನೋಯುತ್ತೆ ಅವಳಿಗೆ," ಎಂದೆ.

ಅವಳ ಬೆರಳು ಒಂದು ಕ್ಷಣ ಸಡಿಲಾದದ್ದು ನನಗೆ ಕಂಡಿತು. ಮಗುವಿನ ತಲೆ ಮತ್ತೆ ಆ ಕಡೆ ಈ ಕಡೆ ಒದ್ದಾಡಿತು. ಅವಳು ಅದನ್ನು ನೋಡಿದಳು, ನನ್ನನ್ನೂ ನೋಡಿದಳು.

"ಅತ್ತಿಗೆ, ನೀವು ಸ್ವಲ್ಪ ಅಡುಗೆಮನೆಗೆ ಹೋಗಿ," ಎಂದಳು.

ಹೋಗಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡೆ. ಅವಳು ಮತ್ತೆ ಹಿಡಿದಳು. ಈ ಸಲ ಬೆರಳು ಕದಲಲಿಲ್ಲ. ತಲೆ ನಿಂತ ಕೂಡಲೇ ಮಗುವಿನ ಅಳುವೂ ಅರ್ಧಕ್ಕೆ ನಿಂತಿತು. ಯಾರಪ್ಪಾ ಇವಳು ಎಂಬಂತೆ ಅವಳನ್ನೇ ನೋಡಿತು. ಇವರು ಹನಿ ಹಾಕಿದರು. ಮಗು ಕಣ್ಣು ಪಿಳಿಪಿಳಿ ಮಾಡಿ, ಟವಲಿನ ಅಂಚು ಚೀಪತೊಡಗಿತು.

"ಸಡಿಲ ಹಿಡಿದ್ರೇನೇ ಒದ್ದಾಡೋದು," ಎಂದಳು ಪೈಲ್ವಾನ್, ತನಗೆ ತಾನೇ. "ಗಟ್ಟಿ ಇದ್ರೆ ಅವಕ್ಕೂ ನಿಶ್ಚಿಂತೆ."

ಮರುದಿನ ಮೇಷ್ಟ್ರು ಪಾಸು ಮಾಡಿದರು. ಆ ದಿನ ಸಾರಿ ಕೇಳಿದ್ದು ಗಿಳಿ ಮಾತ್ರವಂತೆ.

ಆದರೆ ಉಳಿದ ದಿನಗಳಲ್ಲಿ ಅವಳ ಪಾಲಿಗೆ ಬಂದದ್ದು ಉಗುರು ಕತ್ತರಿಸುವುದು, ತೂಕ ನೋಡುವುದು, ಅಷ್ಟೇ. ಡಾಕ್ಟರಮ್ಮ ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೊನೆಯ ದಿನ ಬಂದೇಬಿಟ್ಟಿತು. ಅವಳ ಪೆಟ್ಟಿಗೆಯನ್ನು ಕಾರಿನಲ್ಲಿ ಹಾಕಿಕೊಂಡು, ಅವಳನ್ನು ಸಂಜೆಯ ರೈಲಿಗೆ ಬಿಡಲು ನಾವು ಮೂವರೂ ಆಸ್ಪತ್ರೆಗೆ ಹೋದೆವು. ಮಗುವಿನ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಾನು ಮೆಟ್ಟಿಲು ಹತ್ತಿದೆ. ಮಗು ಅದನ್ನು ಕಿತ್ತು ತಿನ್ನಲು ನೋಡಿತು.

ಒಳಗೆ ಗಡಿಬಿಡಿ. ಸಮವಸ್ತ್ರದಲ್ಲೇ ಬಂದಿದ್ದ ಒಬ್ಬ ಬಸ್ ಡ್ರೈವರು, ದೊಡ್ಡ ಆಳು, ಬೆಂಚಿನ ಮೇಲೆ ಕೂತು ಟೋಪಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅವರ ಪುಟ್ಟ ಹಳದಿ ಹಕ್ಕಿಗೆ ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಂಡಿತ್ತು. ಬೆಚ್ಚಗಿಟ್ಟು, ಸೂಜಿ ಕೊಟ್ಟು ಆಗಿತ್ತು, ಮೊಟ್ಟೆ ಅಲ್ಲಾಡಿರಲಿಲ್ಲ. ಮಂಪರಿನ ಔಷಧಿ ತಡೆಯುವಷ್ಟು ತ್ರಾಣ ಹಕ್ಕಿಯಲ್ಲಿ ಇರಲಿಲ್ಲ. ಇನ್ನು ಕೈಯಲ್ಲೇ ತೆಗೆಯಬೇಕು, ಯಾರಾದರೂ ಹಿಡಿದುಕೊಳ್ಳಬೇಕು. ಯಾವಾಗಲೂ ಹಿಡಿಯುವ ನರ್ಸಮ್ಮ ಪಕ್ಕದ ಕೋಣೆಯಲ್ಲಿ ಮೊಲವೊಂದಕ್ಕೆ ಮಂಪರು ಕೊಟ್ಟು ಕಾಯುತ್ತಿದ್ದರು, ಬಿಟ್ಟು ಬರುವಂತಿರಲಿಲ್ಲ. ಕಡ್ಡಿ ಹುಡುಗ ಹಿಂದಿನ ದಿನವೇ ಊರಿಗೆ ಹೋಗಿದ್ದ.

ಗಾಜಿನಾಚೆ ಡಾಕ್ಟರಮ್ಮ ಪೈಲ್ವಾನ್ ಕಡೆ ತಿರುಗಿದ್ದು ಕಾಣಿಸಿತು. ಬಾಗಿಲು ಅರ್ಧ ತೆರೆದಿತ್ತು.

"ಹಿಡೀತೀಯಾ?"

"ಹಿಡೀತೀನಿ."

ಅವಳ ಮುಷ್ಟಿಯಿಂದ ಹೊರಗೆ ಕಂಡದ್ದು ಹಳದಿ ತಲೆ ಮತ್ತು ಬಾಲ. ನಾನು ಮಗುವನ್ನು ಎಷ್ಟು ಅವುಚಿಕೊಂಡಿದ್ದೆನೋ, ಅದು ಕುಂಯ್ ಎಂದಿತು. ಡಾಕ್ಟರಮ್ಮ ಬಗ್ಗಿ ಕೆಲಸ ಶುರುಮಾಡಿದರು. ಹಕ್ಕಿ ಒಮ್ಮೆ ಜೋರಾಗಿ ಕೊಸರಿತು.

ಬೆಂಚಿನ ಮೇಲಿದ್ದ ಡ್ರೈವರು ಎದ್ದು ನಿಂತು, "ಮೆಲ್ಲಗಮ್ಮಾ," ಎಂದರು.

ಅವಳು ತಿರುಗಿ ನೋಡಲಿಲ್ಲ. ಕೈ ಹಾಗೇ ಇತ್ತು. ಬೆರಳ ಸಂದಿಯಲ್ಲಿ ಆ ಸಣ್ಣ ಎದೆ ಮುಂದೆ ಬಂದು ಹಿಂದೆ ಹೋಗುತ್ತಿದ್ದದ್ದು ಗಾಜಿನಾಚೆಯಿಂದಲೂ ಕಾಣುತ್ತಿತ್ತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಡಾಕ್ಟರಮ್ಮ ನೆಟ್ಟಗೆ ನಿಂತು ಹತ್ತಿಯ ಮೇಲೆ ಏನನ್ನೋ ಇಟ್ಟರು. ನೆಲಗಡಲೆಗಿಂತ ತುಸು ದೊಡ್ಡದು. ಡ್ರೈವರು ಮತ್ತೆ ಕೂತು, ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡರು.

ಪೈಲ್ವಾನ್ ಹಕ್ಕಿಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಬಿಟ್ಟು, ಕೈ ತೊಳೆದು, ಹೊರಗೆ ಬಂದಳು. ನಮ್ಮನ್ನು ನೋಡಿ, ಹೊರಡೋಣವಾ ಎಂಬಂತೆ ತಲೆಯಾಡಿಸಿದಳು. ಕಣ್ಣು ತುಂಬಿತ್ತು.

"ನಾಳೆ ಇದರ ತೂಕ ನೋಡ್ಬೇಕು," ಎಂದರು ಡಾಕ್ಟರಮ್ಮ ಹಿಂದಿನಿಂದ. "ಬೆಳಿಗ್ಗೆ ಬೇಗ ಬಾ."

"ನನಗೆ ಇವತ್ತು ರೈಲಿದೆ ಮೇಡಂ."

"ರೈಲು ದಿನಾ ಇರುತ್ತೆ. ನನಗೆ ಹೀಗೆ ಹಿಡಿಯೋರು ಸಿಗಲ್ಲ. ಪರೀಕ್ಷೆ ಮುಗಿಸ್ಕೊಂಡು ಬಂದು ಇಲ್ಲೇ ಸೇರು. ಸಂಬಳ ಜಾಸ್ತಿ ಏನಿಲ್ಲ, ಈಗಲೇ ಹೇಳಿಬಿಟ್ಟಿದೀನಿ."

ಅವಳು ನಕ್ಕಳು. ಆ ಕೋಣೆಯಲ್ಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ರೆಕ್ಕೆ ಬಡಿದವು. ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟರು.

ಮಾವನಿಗೆ ಫೋನ್ ಮಾಡಿದ್ದು ಕಾರಿನಲ್ಲಿ ಕೂತು. ಪೆಟ್ಟಿಗೆ ಅವಳ ಕಾಲ ಮೇಲಿತ್ತು, ಮಗು ಪೆಟ್ಟಿಗೆಯ ಮೇಲಿತ್ತು. ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಮೊದಲು ಕೇಳಿದ್ದು ತಮ್ಮ ಷರತ್ತನ್ನೇ.

"ತಾವಾಗೇ ಕರೆದ್ರಾ?"

"ಹೂಂ, ತಾವಾಗೇ."

"ಎಷ್ಟಿತ್ತು ಆ ಹಕ್ಕಿ ತೂಕ?"

"ಮೂವತ್ತು ಗ್ರಾಂ, ಮೊಟ್ಟೆ ಸೇರಿ."

ಅತ್ತ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು.

"ಮೂವತ್ತು ಗ್ರಾಂ ಹಿಡಿಯಕ್ಕೆ ನಾನು ನಿನ್ನ ಇಷ್ಟು ಹಾಲು ಕುಡಿಸಿ ಬೆಳೆಸಿದ್ನಾ?"

"ಹಾಲು ಕುಡಿದಿದ್ದಕ್ಕೇ ಕೈ ನಡುಗಲಿಲ್ಲ ಅಪ್ಪ."

ಮಾವ ಕಡೆಗೆ, ಡೈರಿಯ ಸ್ನೇಹಿತನಿಗೆ ತಾವೇ ಹೇಳುವುದಾಗಿ ಒಪ್ಪಿಕೊಂಡು, ಫೋನನ್ನು ನನಗೆ ಕೊಡಿಸಿ, "ನಿನಗೆ ತೊಂದರೆ ಆಗಲ್ವೇನಮ್ಮ, ಇವಳು ಅಲ್ಲೇ ಇದ್ರೆ?" ಎಂದು ಕೇಳಿದರು.

ತೊಂದರೆಗಳು ನನ್ನ ತಲೆಯಲ್ಲಿ ಆಗಲೇ ಸಾಲುಗಟ್ಟಿ ನಿಂತಿದ್ದವು. ಆದರೆ ಅವಳು ಆ ಕಡೆ ಮುಖ ಮಾಡಿ, ಕಿಟಕಿಯ ಕಡೆಗೆ ವಾಲುತ್ತಿದ್ದ ಮಗುವನ್ನು ಒಂದೇ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದಳು. "ಇಲ್ಲ ಮಾವ, ಇರ್ಲಿ," ಎಂದೆ. ಇವರು ಕಾರನ್ನು ಸ್ಟೇಷನ್ ಕಡೆಗಲ್ಲದೆ ಮನೆಯ ಕಡೆಗೆ ತಿರುಗಿಸಿದರು.