ತನ್ನ ಮಾತನ್ನೇ ಕದ್ದವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಹಸಿರು ನಿಲುವಂಗಿಗಳನ್ನು ಒಗೆದು ಒಣಗಿಸುವ ವಿಭಾಗಕ್ಕೆ ಆಕೆ ಮೇಲ್ವಿಚಾರಕಿ. ಕೆಲಸದ ಜೊತೆಜೊತೆಗೇ ಮಾಡುವ ಮ್ಯಾನೇಜ್‌ಮೆಂಟ್ ಡಾಕ್ಟರೇಟಿಗೆ ಸೇರಿ ಏಳು ವರ್ಷವಾಗಿತ್ತು. ನಾದಿನಿ ಅವಳಿಗೆ ಬಟ್ಟೆ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದಳು.

"ಏನಮ್ಮ ಡಾಕ್ಟರೇ, ಪೇಷಂಟ್ ಒಣಗಿತಾ?"

"ಇನ್ನೂ ಹಿಂಡ್ತಾ ಇದೀನಿ. ನೀನೂ ಬಾ, ನಿನ್ನನ್ನೂ ಒಂದು ಸುತ್ತು ತಿರುಗಿಸ್ತೀನಿ."

ನಗು ಅಷ್ಟಕ್ಕೇ ಮುಗಿಯುತ್ತಿತ್ತು. ಡಾಕ್ಟರೇಟ್ ಇಲ್ಲದವರಿಗೆ ಮೇಲಿನ ಆಡಳಿತ ವಿಭಾಗದಲ್ಲಿ ಜಾಗವಿಲ್ಲ. ಹದಿನೆಂಟು ವರ್ಷ ಹಬೆ ಕುಡಿದ ಎದೆ ಈಗ ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕುತ್ತದೆ. ನೋಂದಣಿಯ ಅವಧಿ ಮುಗಿಯಲು ಇಪ್ಪತ್ತೇ ದಿನ. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನಿವೃತ್ತಿಯವರೆಗೂ ನೆಲಮಾಳಿಗೆಯೇ ಗತಿ.

ಒಗೆಯುವ ಕೆಲಸದವರು ಯಾಕೆ ಕೆಲಸ ಬಿಟ್ಟು ಹೋಗುತ್ತಾರೆ ಎಂಬುದು ಅವಳ ವಿಷಯ. ಇನ್ನೂರ ಹನ್ನೆರಡು ಜನರನ್ನು ಮಾತಾಡಿಸಿ, ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆದುಕೊಂಡಿದ್ದಳು. ಎರಡು ವರ್ಷದ ಕೆಳಗೆ, ಮಾರುಕಟ್ಟೆ ಬದಲಾಗಿದೆ, ಕೋರ್ಸೂ ಬದಲಾಗಬೇಕು ಎಂದು ಕಾಲೇಜಿನವರಿಗೆ ಜ್ಞಾನೋದಯವಾಯಿತು. ಹೊಸ ಪಠ್ಯಕ್ಕೆ 'ನೆಲದ ಅನುಭವ' ಬೇಕಂತೆ! ನೆಲಕ್ಕೆ ಕಾಲಿಡದವರು ಅದನ್ನು ಎಲ್ಲಿಂದ ತರಬೇಕು? ಆ ಪಠ್ಯ ಬರೆಯುತ್ತಿದ್ದ ಅವಳ ಗೈಡ್, ಪ್ರಬಂಧದ ಮೂರನೆಯ ಅಧ್ಯಾಯ ಕೇಳಿದರು.

"ನಿಮ್ಮ ಕೆಲಸ ಪಾಠ ಆಗುತ್ತಮ್ಮ, ಸಣ್ಣ ಮಾತಾ?"

ಉಬ್ಬಿಹೋಗಿ ಕೊಟ್ಟಳು. ಪಠ್ಯ ಅಚ್ಚಾಯಿತು, ಅಂತರ್ಜಾಲಕ್ಕೂ ಏರಿತು. ಮುಖಪುಟದ ಮೇಲೆ ಗೈಡ್ ಹೆಸರು. ಅವಳ ಹೆಸರು ಹುಡುಕಿದರೂ ಇಲ್ಲ.

ಈಗ ಅವಳ ಪ್ರಬಂಧವನ್ನು ನಕಲು ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರೆ ಶೇಕಡ ನಲವತ್ತೊಂದು ನಕಲು ಎಂದು ಬಂತು. ಮಿತಿ ಹತ್ತು. ಕದ್ದದ್ದು ಎಲ್ಲಿಂದ? ಅದೇ ಕೋರ್ಸಿನ ಹೊಸ ಪಠ್ಯದಿಂದ.

"ಸರ್, ಇದು ನಾನೇ ಬರೆದಿದ್ದು."

"ನನಗೆ ಗೊತ್ತಿಲ್ವೇನಮ್ಮ?"

"ಹಾಗಾದ್ರೆ ಹಾಗಂತ ಒಂದು ಪತ್ರ ಕೊಡಿ."

ಗೈಡ್ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಕೊಟ್ಟರೆ ಪಠ್ಯ ನನ್ನದಲ್ಲ ಅಂತಾಗುತ್ತೆ. ಹೊಸ ಕೋರ್ಸಿಗೆ ಮಾನ್ಯತೆ ಸಿಗೋ ಹೊತ್ತು. ಕೋರ್ಸೇ ಬಿದ್ದರೆ ನಿಮ್ಮ ಡಾಕ್ಟರೇಟ್ ಎಲ್ಲಿರುತ್ತೆ? ಸ್ವಲ್ಪ ಬೇರೆ ಮಾತಲ್ಲಿ ಬರೀರಿ, ಅಷ್ಟೆ."

"ದೂರು ಕೊಟ್ರೆ?"

"ಧಾರಾಳವಾಗಿ ಕೊಡಿ. ಸಮಿತಿ ಕೂರೋಕೆ ಆರು ತಿಂಗಳು. ನಿಮ್ಮ ಹತ್ರ ಎಷ್ಟು ದಿನ ಇದೆ?"

ಕದ್ದವರು ಕುರ್ಚಿಯಲ್ಲಿ, ಕಳೆದುಕೊಂಡವಳು ಕಟಕಟೆಯಲ್ಲಿ. ಇದಕ್ಕೆ ಅವರು ಗುಣಮಟ್ಟ ಎನ್ನುತ್ತಾರೆ.

ಅವಳು ತನ್ನ ವಾಕ್ಯಗಳನ್ನು ತಾನೇ ಮುರಿಯುತ್ತ ಕೂತಳು. ಹದಿನೆಂಟು ದಿನದಲ್ಲಿ ನಲವತ್ತೊಂದು ಹನ್ನೆರಡಕ್ಕಿಳಿಯಿತು. ಉಳಿದದ್ದು ಕೆಲಸದವರ ಮಾತು. ಅದರ ಪಕ್ಕ ಗೈಡ್ ಅವರ ಪುಸ್ತಕದ ಹೆಸರು ಹಾಕಿದರೆ ಸಾಫ್ಟ್‌ವೇರ್ ನಕಲೆನ್ನದೆ ಬಿಡುತ್ತಿತ್ತು. ಹಾಕಿದರೆ ತಾನು ಕಿವಿಯಾರೆ ಕೇಳಿದ್ದನ್ನು ಅವರದ್ದೆಂದು ಒಪ್ಪಿಕೊಂಡ ಹಾಗೆ. ಎಲ್ಲಕ್ಕಿಂತ ಉದ್ದದ ಮಾತು ಇಸ್ತ್ರಿ ಯಂತ್ರದ ಮುಂದಿನ ಹಿರಿಯಾಕೆಯದು. ಲ್ಯಾಪ್‌ಟಾಪನ್ನು ಬಟ್ಟೆಯ ಗಾಡಿಯ ಮೇಲಿಟ್ಟು, ಆಕೆ ಮಡಿಸುತ್ತಿದ್ದ ಹೊದಿಕೆಯ ಇನ್ನೊಂದು ತುದಿ ಹಿಡಿದಳು.

"ಅಕ್ಕ, ಆವತ್ತು ಹೇಳಿದ್ರಲ್ಲ, ಇನ್ನೊಂದು ಸಲ ಹೇಳಿ. ಸ್ವಲ್ಪ ಬೇರೆ ಥರ."

"ಬೇರೆ ಥರ ಅಂದ್ರೆ? ಸುಳ್ಳಾ?"

"ಸುಳ್ಳಲ್ಲ, ಬೇರೆ ಪದ."

ಆಕೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಕೂರೋಕೆ ಒಂದು ಸ್ಟೂಲ್ ಕೇಳಿದೆ. ಕೂತ್ರೆ ನಿದ್ದೆ ಬರುತ್ತೆ ಅಂದ್ರು. ಊರವರ ಹಾಸಿಗೆಯೆಲ್ಲ ಮಡಿಸೋ ನಾನು ಎಂಟು ಗಂಟೆ ನಿಂತೇ ಸಾಯ್ಬೇಕಾ?"

ಐದು ವರ್ಷದ ಹಿಂದೆ ಬರೆದುಕೊಂಡದ್ದೂ ಇದೇ. ಒಂದಕ್ಷರ ಆಚೀಚೆ ಆಗಿರಲಿಲ್ಲ.

"ಬೇರೆ ಪದ ಎಲ್ಲಿಂದ ತರ್ಲಿ ತಾಯಿ? ಕಾಲು ನೋಯೋದು ಒಂದೇ ಥರ. ಮೇಲೆ ಹೋದ್ಮೇಲೆ ಸ್ಟೂಲ್ ಕೊಡಿಸ್ತೀನಿ ಅಂದಿದ್ರಿ ನೀವು."

"ಅದಕ್ಕೇ ಅಕ್ಕ, ಅದಕ್ಕೇ" ಎಂದು ಅವಳು ಹೊದಿಕೆಯ ತುದಿ ಬಿಟ್ಟು ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದಳು: 'ಆಸನ ವ್ಯವಸ್ಥೆಯ ಕೊರತೆಯು ಸಿಬ್ಬಂದಿಯ ನಿರ್ಗಮನಕ್ಕೆ ಪೂರಕ ಅಂಶವೆಂದು ಕಂಡುಬಂದಿದೆ.' ಸಾಫ್ಟ್‌ವೇರ್ ಶೇಕಡ ಒಂಬತ್ತು ತೋರಿಸಿತು.

"ಏನು ಬರೆದ್ರಿ, ಓದಿ."

ಓದಿದಳು.

"ಇದ್ಯಾರು ಹೇಳಿದ್ದು?"

"ನೀವೇ."

"ನಾನು ಇಷ್ಟು ತಣ್ಣಗೆ ಯಾವತ್ತೂ ಮಾತಾಡಿಲ್ಲ ಬಿಡಿ" ಎಂದು ಆಕೆ, ಹೊದಿಕೆಯ ತುದಿ ಹಿಡಿಯಲು ಪಕ್ಕದವಳನ್ನು ಕೂಗಿದಳು.

ಡಾಕ್ಟರಮ್ಮ 'ಸಲ್ಲಿಸು' ಒತ್ತಿದಳು.