ಹಲಗೆಯ ಕೆಳಗಿನ ಗಾಳಿ

ನನ್ನ ಮೂಗಿನ ಮೇಲೆ ನನಗೆ ನಂಬಿಕೆಯಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಪಕ್ಕ ಬೆಳೆದವನಿಗೆ ಲೋಕವೆಲ್ಲ ಕಡಲೆಕಾಯಿ ಹಿಂಡಿಯ ವಾಸನೆಯೇ. ಹೀಗಾಗಿ ಮೊಳಕಾಲ್ಮೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮುಗ್ಗಲು ನಾತ ಬಂದಾಗ ಮೊದಲು ಬೆಕ್ಕನ್ನು ಬೈದೆ, ಆಮೇಲೆ ನನ್ನ ಕಾಲುಚೀಲ ಒಗೆದೆ. ಕೊನೆಗೊಂದು ಬೆಳಿಗ್ಗೆ ಟಿ.ವಿ. ಮುಂದೆ ನನ್ನ ಒಂದು ಕಾಲು ನೆಲದೊಳಕ್ಕೆ ಇಳಿದು ಹೋಯಿತು.

ಆ ನೆಲದ ಕೆಳಗೆ ನಮ್ಮ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಮಗ್ಗದ ಗುಂಡಿಯಿದೆ. ರೇಷ್ಮೆ ಸೀರೆ ನೇಯುವವರು ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಮಣೆಗಳನ್ನು ತುಳಿಯುತ್ತಾರೆ. ಅತ್ತೆಗೆ ಕಣ್ಣು ಮಂಜಾದ ಮೇಲೆ ಮಗ್ಗ ಬಿಚ್ಚಿ ಬೇರೆಯವರಿಗೆ ಕೊಟ್ಟೆವು. ಗುಂಡಿಗೆ ಮಣ್ಣು ತುಂಬಲು ಮಾತ್ರ ಅವರು ಬಿಡಲಿಲ್ಲ. ಅದಕ್ಕೆ ನಾನು ತೊಲೆಯಿಡಿಸಿ, ಹಲಗೆ ಹೊಡೆಸಿ, ಮೇಲೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಸು ಹಾಸಿ, ಅಂಚಿಗೆಲ್ಲ ಅಂಟು ಬಳಿದಿದ್ದೆ. ಬಂದವರು ನೆಲವನ್ನು ಹೊಗಳಿದ್ದರು.

ಮಳೆಯನ್ನು ಅಪರೂಪಕ್ಕೆ ಕಾಣುವ ನಮ್ಮ ಸೀಮೆಯಲ್ಲಿ ಮರ ಬಿಸಿಲಿಗೆ ಸೀಳುತ್ತದೆ, ಗೆದ್ದಲಿಗೆ ತುತ್ತಾಗುತ್ತದೆ. ಕೊಳೆಯಿತೆಂದರೆ ಯಾರೂ ನಂಬುವುದಿಲ್ಲ. ಆದರೆ ಮರದ ಸ್ವಭಾವ ವಿಚಿತ್ರ. ಬಾವಿಯಲ್ಲಿ ಪೂರ್ತಿ ಮುಳುಗಿದ್ದರೂ ವರ್ಷಗಟ್ಟಲೆ ಗಟ್ಟಿಯಾಗಿರುತ್ತದೆ, ಪೂರ್ತಿ ಒಣಗಿದ್ದರೂ ಗಟ್ಟಿಯಾಗಿರುತ್ತದೆ. ಅರೆಬರೆ ತೇವದಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಮಾತ್ರ ಒಳಗೊಳಗೇ ಬೂಷ್ಟು ಹಿಡಿದು ಮೆತ್ತಗಾಗುತ್ತದೆ. ಗೋಡೆಯಾಚೆ ಬಚ್ಚಲ ಪೈಪು ಯಾವಾಗಿನಿಂದಲೋ ಸೋರುತ್ತಿತ್ತು.

ನಾನು ಮಾಡಿದ ಮದ್ದು ಕೇಳಿ. ಒಡೆದ ಹಿಮ್ಮಡಿಗೆ, ಕಿರುಗುಟ್ಟುವ ಬಾಗಿಲಿಗೆ, ಎತ್ತಿನ ಕೊಂಬಿಗೆ ಕಡಲೆಕಾಯಿ ಎಣ್ಣೆ ಹಚ್ಚುವ ಊರಿನವನು ನಾನು. ಹಲಗೆಗೂ ಅದನ್ನೇ ಧಾರಾಳವಾಗಿ ಹಚ್ಚಿದೆ. ಮರುದಿನ ಇರುವೆ ಬಂದವು, ಹಿಂದೆಯೇ ಇಲಿ.

“ಮರಕ್ಕೂ ಒಗ್ಗರಣೆ ಹಾಕಿದ್ರೇನಪ್ಪಾ?” ಎಂದರು ಅತ್ತೆ.

ನನಗೆ ರೇಗಿತು. “ಕಾಂಕ್ರೀಟ್ ತುಂಬಿಸಿಬಿಡ್ತೀನಿ ಅತ್ತೆ. ಮಗ್ಗಾನೇ ಇಲ್ಲ, ಗುಂಡಿ ಯಾಕ್ರಿ?”

“ಮಗ್ಗ ಹೋಯ್ತು. ಕಾಲು ಐತಲ್ಲಪ್ಪಾ,” ಎಂದು ಅವರು ಒಳಗೆ ಹೋದರು.

ಅಂದು ಹೆಂಡತಿ ಮಾಡಿದ ಸಾರಿಗೆ ಉಪ್ಪೇ ಬೀಳಲಿಲ್ಲ.

ಕಾಂಕ್ರೀಟಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಬಡಗಿಯನ್ನು ಕರೆಸಿದೆ. ಪೈಪು ರಿಪೇರಿಯಾಯಿತು. ಪ್ಲಾಸ್ಟಿಕ್ ಹಾಸು ತಿಪ್ಪೆಗೆ ಹೋಯಿತು. ಕೊಳೆತದ್ದನ್ನು ಗಟ್ಟಿ ಮರ ಸಿಗುವ ತನಕ ಕೊಯ್ದು, ಉಳಿದದ್ದಕ್ಕೆ ಅಕ್ಕಸಾಲಿಗರು ಬಳಸುವ ಬಿಳಿಗಾರವನ್ನು ನೀರಲ್ಲಿ ಕರಗಿಸಿ ಬಳಿದೆವು. ತೊಲೆಯ ತುದಿ ಮಣ್ಣಿಗೆ ತಾಗದಂತೆ ಕಲ್ಲಿಟ್ಟು, ಗೋಡೆಯ ಬುಡದಲ್ಲಿ ಗಾಳಿಗೆ ಕಿಂಡಿ ಕೊರೆದು ಜಾಲರಿ ಹಾಕಿದೆವು. ತೇವ ಆರಲೆಂದು ಗುಂಡಿಯನ್ನು ಕೆಲವು ದಿನ ಹಾಗೇ ತೆರೆದಿಟ್ಟೆವು.

ಒಂದು ಮಧ್ಯಾಹ್ನ ಬಂದು ನೋಡುತ್ತೇನೆ, ಅತ್ತೆ ಗುಂಡಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಬೆರಳಲ್ಲೇ ತಡವಿ ತಡವಿ ಅವರೆಕಾಯಿ ಸುಲಿಯುತ್ತಿದ್ದಾರೆ. ಕೆಳಗೆ ಏನೂ ಇಲ್ಲ. ಆದರೂ ಪಾದಗಳು ಒಂದಾದ ಮೇಲೊಂದು ಮೇಲೆ ಕೆಳಗೆ ಆಡುತ್ತಿವೆ, ಲಯ ತಪ್ಪದೆ. ಮುಖದಲ್ಲಿ ಎಂಥ ನೆಮ್ಮದಿ! ಸದ್ದು ಮಾಡದೆ ಹಿಂದಕ್ಕೆ ಹೋದೆ.

ಬಡಗಿ ಹಲಗೆ ಜೋಡಿಸಲು ಬಂದಾಗ ಅತ್ತೆ ಕೂತಿದ್ದ ಕಡೆ ತೋರಿಸಿ ಹೇಳಿದೆ: “ಆ ಅಂಚಿನ ಎರಡಕ್ಕೆ ಮೊಳೆ ಹೊಡೀಬೇಡಪ್ಪ. ಎತ್ತಿಡೋ ಹಂಗಿರ್ಲಿ.”

“ಯಾಕ್ರಿ, ಗಾಳಿಗಾ?”

“ಹೂಂ,” ಎಂದೆ, “ಗಾಳಿಗೆ.”