ದೀಪ ಆರಿತೇನೇ?

ಮೇಷ್ಟ್ರಿಗೆ ರಜೆ ಬಂತೆಂದರೆ ಅವರ ಹಳೆಯ ಕಾರಿನ ಬಾನೆಟ್ ತೆರೆದುಕೊಳ್ಳುತ್ತದೆ, ಹೆಂಡತಿಗೆ ಡ್ರೈವರ್ ಸೀಟು ಸಿಗುತ್ತದೆ. ಕಾರು ಬಿಡಲು ಬಾರದ ಆಕೆಯಷ್ಟು ಆ ಸೀಟನ್ನು ಸವೆಸಿದವರಿಲ್ಲ. ಸೆನ್ಸರ್ ಬದಲಿಸಿದ್ದಾಯಿತು, ಆದರೂ ಎಂಜಿನ್ನಿನ ಎಚ್ಚರಿಕೆ ದೀಪ ಜಪ್ಪಯ್ಯ ಎನ್ನದೆ ಉರಿಯುತ್ತಲೇ ಇದೆ. "ಸೆನ್ಸರ್ ಪಾಪ ಏನ್ಮಾಡುತ್ತೆ, ಇದೆಲ್ಲ ವೈರ್‌ಗಳ ಕಿತಾಪತಿ" ಎಂದು ಮೇಷ್ಟ್ರ ತೀರ್ಪು. ಯಾವ ವೈರನ್ನು ಅಲುಗಿಸಿದಾಗ ದೀಪ ಆರುತ್ತದೋ ಅದೇ ಕಳ್ಳ. ಹಾಗಾಗಿ ತಪ್ಪು ಮಾಡಿದ ಹುಡುಗರ ಕಿವಿ ಹಿಂಡುವಂತೆ ಒಂದೊಂದನ್ನೇ ಹಿಂಡುತ್ತ, ಬಾನೆಟ್ಟಿನ ಮರೆಯಿಂದ ಕೂಗುತ್ತಾರೆ: "ದೀಪ ಆರಿತೇನೇ?" "ಇಲ್ಲಾರೀ." "ಸರಿಯಾಗಿ ನೋಡ್ದ್ಯಾ?" "ನೋಡ್ದೆ." ಗೋಡೆಗೆ ಯಾವ ಬಣ್ಣ, ಮಗಳಿಗೆ ಯಾವ ಕಾಲೇಜು ಎಂಬುದನ್ನೆಲ್ಲ ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡ ಮನುಷ್ಯ. ಉತ್ತರ ಗೊತ್ತಿಲ್ಲದೆ ಹೆಂಡತಿಯನ್ನು ಕೇಳುವ ಪ್ರಶ್ನೆ ಇದೊಂದೇ. ಕೇಳಿದ ಮೇಲೆ ಉಸಿರು ಬಿಗಿಹಿಡಿದು ಕಾಯುತ್ತಾರೆ ಕೂಡ. ಮೊನ್ನೆ ಅವರ ಬೆರಳು ಯಾವುದೋ ವೈರಿಗೆ ತಾಕಿದ್ದೇ ತಡ, ದೀಪ ಪಕ್ಕನೆ ಆರಿತು. "ಆರಿತೇನೇ?" ಆಕೆ ಆರಿದ ದೀಪವನ್ನೇ ನೋಡುತ್ತ, ಸೀಟಿಗೆ ಹಾಯಾಗಿ ಒರಗಿಕೊಂಡು ಹೇಳಿದರು: "ಇಲ್ಲಾರೀ, ಇನ್ನೊಂದು ವೈರ್ ನೋಡಿ."